ಹುಲ್ಲಿನ ಗೋಡೆ ಮೇವಿಗೆ ದ್ರೋಹವೇ?

ನಮ್ಮ ಹೊಸ ಮನೆ ನೋಡಲು ಈ ಐದಾರು ತಿಂಗಳಲ್ಲಿ ಬಂದು ಹೋದವರು ನೂರಕ್ಕೆ ಕಮ್ಮಿ ಇಲ್ಲ. ಗೋಡೆ ತಟ್ಟಿ ನೋಡ್ತಾರೆ. ಕಿಟಕಿ ಹತ್ತಿರ ನಿಂತು ಗೋಡೆ ಎಷ್ಟು ದಪ್ಪ ಅಂತ ಗೇಣು ಹಾಕ್ತಾರೆ. ಒಳಗೆ ತಂಪಾಗಿದೆ ಅಂತ ಒಪ್ಪಿಕೊಳ್ತಾರೆ. ಆಮೇಲೆ ಹೊರಗೆ ಕಟ್ಟೆ ಮೇಲೆ ಕೂತು, ನೀರು ಕುಡಿದು, ಕೇಳುವ ಮಾತು ಒಂದೇ: "ಅಲ್ಲಪ್ಪಾ, ದನದ ಬಾಯಿಗೆ ಹೋಗೋ ಹುಲ್ಲನ್ನ ಗೋಡೆಗೆ ತುಂಬಿದ್ಯಲ್ಲ, ಮನಸ್ಸು ಹೆಂಗೆ ಬಂತು?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಗೊಳ್ಳೋದಿಲ್ಲ. ಕೇಳುವವರು ಪೇಟೆಯವರಲ್ಲ, ನಮ್ಮ ಜಗಳೂರು ಸೀಮೆಯ ಒಣಭೂಮಿ ರೈತರು. 2001ರಿಂದ ಮೂರು ವರ್ಷ ಬಿಡದೆ ಬಂದ ಬರದಲ್ಲಿ ಮೇವಿಲ್ಲದೆ ಎತ್ತು ಮಾರಿದವರು. ನಾನೂ 2003ರಲ್ಲಿ ಒಂದು ಜೊತೆ ಎತ್ತು ಮಾರಿದೆ. ಹಗ್ಗ ಕೈಯಿಂದ ಬಿಡುವಾಗ ಏನಾಗುತ್ತೆ ಅನ್ನೋದು ಗೊತ್ತಿದ್ದವರಿಗೆ ಗೊತ್ತು. ಅಂಥವರು ಕೇಳಿದಾಗ ಲೆಕ್ಕ ಕೊಡಬೇಕಾದ್ದು ನನ್ನ ಕರ್ತವ್ಯ.

ಲೆಕ್ಕ ಹೀಗಿದೆ. ನಮ್ಮ ಮನೆ ಹೊರ ಅಳತೆ 24 ಅಡಿಗೆ 16 ಅಡಿ, ಗೋಡೆ ಎತ್ತರ 9 ಅಡಿ. ಗೋಡೆಗೆ ಹೋದದ್ದು 180 ಕಟ್ಟು ಭತ್ತದ ಹುಲ್ಲು. ಒಂದೊಂದು ಕಟ್ಟು ಸುಮಾರು 18 ಕೆಜಿ. ಒಟ್ಟು ಮೂರೂಕಾಲು ಟನ್ ಅಂತ ಇಟ್ಕೊಳ್ಳಿ. ಜೊತೆ ಎತ್ತಿಗೆ ದಿನಕ್ಕೆ 12 ಕೆಜಿ ಒಣ ಹುಲ್ಲು ಹಾಕಿದರೆ ಇದು ಒಂಬತ್ತು ತಿಂಗಳ ಮೇವು. ಕಮ್ಮಿ ಏನಲ್ಲ. ಬರಗಾಲದಲ್ಲಿ ಒಂಬತ್ತು ತಿಂಗಳ ಮೇವು ಅಂದರೆ ಒಂದು ಜೊತೆ ಎತ್ತಿನ ಜೀವ.

ಹಾಗಾದರೆ ಯಾಕೆ ಕಟ್ಟಿದೆ? 2022ರ ಮಳೆಗೆ ನಮ್ಮ ಅಪ್ಪನ ಕಾಲದ ಮಾಳಿಗೆ ಮನೆಯ ಪಡುವಣ ಗೋಡೆ ಬಿತ್ತು. ಆ ವರ್ಷ ರಾಜ್ಯದಲ್ಲಿ ಎಷ್ಟೋ ಊರುಗಳಲ್ಲಿ ಮಣ್ಣಿನ ಗೋಡೆ ಬಿದ್ದವು. ಅಲ್ಲಿಂದ ಜಿಂಕ್ ಶೀಟಿನ ಶೆಡ್ಡಿನಲ್ಲಿ ಮೂರು ಬೇಸಿಗೆ ಕಳೆದೆವು. ನಮ್ಮವ್ವನಿಗೆ ಎಂಬತ್ತು ದಾಟಿದೆ. ಮಧ್ಯಾಹ್ನ ಹನ್ನೆರಡಾದರೆ ಶೆಡ್ಡಿನಿಂದ ಎದ್ದು ಬೇವಿನ ಮರದ ಕೆಳಗೆ ಹೋಗೋಳು, ಸಂಜೆವರೆಗೆ ಒಳಗೆ ಬರ್ತಿರಲಿಲ್ಲ. ಶೀಟಿನ ಕೆಳಗೆ ಮನುಷ್ಯರು ಇರೋಕಾಗಲ್ಲ, ಅದು ಗೊಬ್ಬರದ ಚೀಲ ಇಡೋಕೆ ಸರಿ.

ಸಿಮೆಂಟ್ ಇಟ್ಟಿಗೆ ಮನೆಗೆ ಲೆಕ್ಕ ಹಾಕಿಸಿದೆ. ಐದು ಎಕರೆ ಮಳೆ ಆಶ್ರಯದ ಜಮೀನಿನಿಂದ ಆ ಸಾಲ ತೀರಿಸಲು ನನ್ನ ಆಯುಸ್ಸು ಸಾಲದು. ಒಂದು ಕಡೆ ಸಾಲ ಕೇಳಲೂ ಹೋಗಿದ್ದೆ. ಗೋಡೆ ಯಾವುದರದ್ದು ಅಂದರು, ಹುಲ್ಲಿನದು ಅಂದೆ. ನಕ್ಕು ಚಾ ಕೊಟ್ಟು ಕಳಿಸಿದರು. ಚಾ ಚೆನ್ನಾಗಿತ್ತು.

ಹುಲ್ಲಿನ ಕಟ್ಟಿನಲ್ಲಿ ಗೋಡೆ ಏಳಿಸಬಹುದು ಅಂತ ಹೇಳಿದ್ದು ನನ್ನ ಮಗನ ಜೊತೆ ಓದಿದ ಒಬ್ಬ ಹುಡುಗ, ಮಣ್ಣಿನ ಮನೆ ಕಟ್ಟುವವನು. ಇದು 2023ರ ಮಾತು. ಆಗಲೇ ಕಟ್ಟಿದ್ದರೆ ಊರವರು ಕೇಳುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು. ಭದ್ರಾ ನಾಲೆಯಲ್ಲೂ ನೀರಿಗೆ ತಕರಾರು. ಒಂದು ಹೊರೆ ಹುಲ್ಲು ಸಿಕ್ಕಿದರೆ ಬೆಲ್ಲ ಸಿಕ್ಕಿದಂತೆ. ಹುಡುಗ ಬಂದು ಶುರು ಮಾಡೋಣ ಅಂದ. "ಈ ವರ್ಷ ಒಂದು ಎಳೆ ಹುಲ್ಲನ್ನೂ ಗೋಡೆಗೆ ಇಡಲ್ಲ, ಮಳೆ ಆಗಲಿ" ಅಂತ ಹೇಳಿ ಕಳಿಸಿದೆ. ಇನ್ನೂ ಒಂದು ಬೇಸಿಗೆ ಶೆಡ್ಡಿನಲ್ಲೇ ಬೆಂದೆವು.

2024ರಲ್ಲಿ ಮಳೆ ಆಯ್ತು, ಭದ್ರಾ ಜಲಾಶಯ ತುಂಬಿತು, ದಾವಣಗೆರೆ ಹರಿಹರ ಕಡೆ ಗದ್ದೆಯೆಲ್ಲ ಭತ್ತ. ಅಲ್ಲಿ ಈಗ ಕೊಯ್ಲು ಮಾಡೋದು ದೊಡ್ಡ ಮಿಶಿನ್ನು. ಅದು ಹುಲ್ಲನ್ನು ತುಳಿದು ತುಂಡು ಮಾಡಿ ಸಾಲಾಗಿ ಬಿಟ್ಟು ಹೋಗುತ್ತೆ. ಮುಂದಿನ ನಾಟಿಗೆ ಅವಸರ ಇದ್ದ ಕೆಲವರು ಗದ್ದೆಯಲ್ಲೇ ಬೆಂಕಿ ಇಡ್ತಾರೆ. ಆ ಹುಲ್ಲು ಗದ್ದೆಯಲ್ಲೇ ಕೊಳೆತರೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದು ಗದ್ದೆಯವರು ಮಾಡಬೇಕಾದ ಕೆಲಸ, ನಾವು ಹೇಳಿದರೆ ಕೇಳೋರು ಯಾರು. ನಾನು ತಂದದ್ದು ಹೀಗೆ ಬೆಂಕಿಗೆ ಹೋಗಲಿದ್ದ ಹುಲ್ಲು. 2025ರ ಜನವರಿಯಲ್ಲಿ ಬೇಲರ್ ಮಿಶಿನ್ನಿನಿಂದ ಕಟ್ಟಿಸಿ, ಲಾರಿ ಬಾಡಿಗೆ ಸೇರಿ ಕಟ್ಟಿಗೆ ನೂರು ರೂಪಾಯಿ ಒಳಗೇ ಬಿತ್ತು.

ಇಲ್ಲಿ ಬುದ್ಧಿವಂತರು ಒಂದು ಅಡ್ಡ ಪ್ರಶ್ನೆ ಹಾಕ್ತಾರೆ: "ಸುಡೋ ಹುಲ್ಲನ್ನ ಮೇವಿಗೇ ತರಬಹುದಿತ್ತಲ್ಲ?" ಸರಿಯಾದ ಪ್ರಶ್ನೆ. ತಂದೆ. ಗೋಡೆಗೆ ಮುಂಚೆ ಮೇವಿನ ಎರಡು ಲಾರಿ ತಂದು ಬಣವೆ ಒಟ್ಟಿದೆ. ನಮ್ಮ ರಾಗಿ ಹುಲ್ಲು, ಜೋಳದ ಸೊಪ್ಪೆ ಸೇರಿ ನಮ್ಮ ಎತ್ತು, ಎಮ್ಮೆಗೆ ಒಂದು ವರ್ಷಕ್ಕೆ ಆಗಿ ಮಿಗುವಷ್ಟು ಇಟ್ಟುಕೊಂಡ ಮೇಲೆ ಗೋಡೆಯ ಲಾರಿ ಬಂತು. ನನ್ನ ಅಭಿಪ್ರಾಯ ಇಷ್ಟೇ, ಇದರಲ್ಲಿ ನಾನು ಒಂದಿಂಚೂ ಸರಿಯೋದಿಲ್ಲ: ನಿಮ್ಮ ಬಣವೆಯ ಹುಲ್ಲನ್ನು ಗೋಡೆಗೆ ಇಡಬೇಡಿ. ರಾಗಿ ಹುಲ್ಲನ್ನಂತೂ ಮುಟ್ಟಲೇಬೇಡಿ, ಅದು ದನಕ್ಕೆ ಹೋಳಿಗೆ. ಭತ್ತದ ಹುಲ್ಲು ಮೇವಾಗಿ ಕಡೆಯದು, ಮರಳಿನ ಅಂಶ ಜಾಸ್ತಿ, ದನಕ್ಕೆ ಅರಗೋದು ಕಷ್ಟ. ಅದೇ ಕಾರಣಕ್ಕೆ ಅದು ಬೇಗ ಕೊಳೆಯೋದೂ ಇಲ್ಲ, ಗೋಡೆಗೆ ಒಳ್ಳೇದು.

ಹುಲ್ಲಿನ ಕಟ್ಟಿನ ಮನೆ ನಮ್ಮ ದೇಶದ ಬುದ್ಧಿ ಅಲ್ಲ. ಆ ಹುಡುಗ ಹೇಳಿದಂತೆ ಇದು ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕ ಅನ್ನೋ ರಾಜ್ಯದ ಮರಳು ದಿಬ್ಬದ ಸೀಮೆಯಲ್ಲಿ, ನೂರು ವರ್ಷಕ್ಕೂ ಹಿಂದೆ. ಅಲ್ಲಿಗೆ ಬಂದು ಜಮೀನು ಹಿಡಿದ ರೈತರಿಗೆ ಮರ ಇಲ್ಲ, ಇಟ್ಟಿಗೆಗೆ ದುಡ್ಡಿಲ್ಲ, ಹುಲ್ಲುಗಾವಲು ಮಾತ್ರ ಕಣ್ಣು ಹಾಯುವವರೆಗೆ. ಕುದುರೆ ಕಟ್ಟಿ ತಿರುಗಿಸುವ ಮಿಶಿನ್ನಿನಿಂದ ಕಟ್ಟು ಕಟ್ಟಿ, ಇಟ್ಟಿಗೆಯಂತೆ ಜೋಡಿಸಿದರು. ಅಲ್ಲಿನ ಆರ್ಥರ್ ಅನ್ನೋ ಊರಲ್ಲಿ 1928ರಲ್ಲಿ ಹೀಗೆ ಕಟ್ಟಿದ ಚರ್ಚು ಇವತ್ತಿಗೂ ನಿಂತಿದೆ. ಅದೇ ಸೀಮೆಯಲ್ಲಿ ಒಂದು ಶಾಲೆಯನ್ನೂ ಕಟ್ಟಿದ್ದರು. ಗೋಡೆಗೆ ಗಿಲಾವು ಇಲ್ಲ, ಸುತ್ತ ಬೇಲಿ ಇಲ್ಲ. ಆ ಶಾಲೆಯನ್ನು ದನಗಳು ತಿಂದು ಹಾಕಿದವು ಅಂತ 1902ರಲ್ಲಿ ವರದಿ ಆಗಿದೆಯಂತೆ. ಈ ಕಥೆ ಕೇಳಿ ನಮ್ಮವ್ವ ನಕ್ಕಿದ್ದು ನಕ್ಕಿದ್ದೇ. "ಹುಲ್ಲು ಬಣವೇಲಿ ಇರ್ಬೇಕು, ಇಲ್ಲಾ ದನದ ಹೊಟ್ಟೇಲಿ ಇರ್ಬೇಕು, ಗೋಡೇಲಿ ಏನು ಕೆಲಸ" ಅಂತ ಮೊದಲಿಂದ ಹಟ ಹಿಡಿದವಳು ಅವಳೇ.

ಆದರೆ ಆ ಕಥೆಯಲ್ಲಿ ವಿಷಯ ಇದೆ. ಗಿಲಾವು ಆಗುವವರೆಗೆ ಅದು ಮನೆಯಲ್ಲ, ಬಣವೆ. ನಮ್ಮ ಮನೆಗೂ ಪಕ್ಕದವರ ಮೇಕೆ ಬಂದು ಮೂಲೆಯ ಕಟ್ಟನ್ನು ಒಂದು ಗೇಣು ಕೊರೆದಿತ್ತು. ಗೋಡೆ ಏಳಿಸಿದ್ದು ಎಂಟು ದಿನದಲ್ಲಿ, ನೋಡಿದವರು "ಮನೆ ಮುಗೀತಲ್ಲ" ಅಂದರು. ಮುಗಿಸಿ ಒಳಗೆ ಹೋಗಲು ಅಲ್ಲಿಂದ ಆರು ತಿಂಗಳು ಹಿಡಿಯಿತು. ಹುಲ್ಲಿನ ಮನೆ ಕಟ್ಟೋದು ಸಲೀಸು ಅಂತ ಯಾರಾದರೂ ಹೇಳಿದರೆ ಅವರು ಮೊದಲ ಎಂಟು ದಿನ ಮಾತ್ರ ನೋಡಿದ್ದಾರೆ.

ಕಟ್ಟು ಆರಿಸುವಾಗಲೇ ಅರ್ಧ ಕೆಲಸ. ಉರುಟಾಗಿ ಸುತ್ತುವ ಬೇಲರಿನ ಸುರುಳಿ ಗೋಡೆಗೆ ಬರೋದಿಲ್ಲ, ಇಟ್ಟಿಗೆ ಆಕಾರದ ಕಟ್ಟೇ ಬೇಕು. ದಾರದ ಕೆಳಗೆ ಬೆರಳು ಸಲೀಸಾಗಿ ತೂರಿದರೆ ಆ ಕಟ್ಟು ಸಡಿಲ, ಪಕ್ಕಕ್ಕಿಡಿ. ಒಳಗೆ ಕೈ ಹಾಕಿದರೆ ಬಿಸಿ ಇರಬಾರದು, ಮುಗ್ಗಲು ವಾಸನೆ ಬರಬಾರದು. ನೂರು ಕೆಜಿಯಲ್ಲಿ ನೀರಿನ ಅಂಶ 20 ಕೆಜಿ ದಾಟಿದರೆ ಗೋಡೆಯೊಳಗೆ ಕೊಳೆಯುತ್ತೆ. ಬೇಸಿಗೆ ಭತ್ತದ ಹುಲ್ಲು ಮೇ ತಿಂಗಳ ಮಳೆಗೆ ಸಿಕ್ಕಿರುತ್ತೆ, ಅದರ ಸಹವಾಸ ಬೇಡ. ಜನವರಿಯ ಒಣ ಹುಲ್ಲೇ ಸರಿ.

ಅಡಿಪಾಯ ಸೈಜುಗಲ್ಲು, ನೆಲದಿಂದ ಎರಡಡಿ ಮೇಲೆ. ಅದರ ಮೇಲೆ ಎರಡು ಇಂಚು ಹೊರಗೆ ಚಾಚಿದ ಕಡಪ ಕಲ್ಲು. ಗೆದ್ದಲು ನಮ್ಮ ಸೀಮೆಯ ಯಜಮಾನ, ಅವನನ್ನು ತಡೆಯೋಕಾಗಲ್ಲ. ಆದರೆ ಚಾಚುಗಲ್ಲನ್ನು ಸುತ್ತಿ ಮೇಲೆ ಹತ್ತಬೇಕಾದರೆ ಅವನ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತೆ, ವಾರಕ್ಕೊಮ್ಮೆ ಸುತ್ತ ಹೋಗಿ ಕೆರೆದು ಹಾಕೋದು. ಚಾವಣಿಯ ಭಾರ ಗೋಡೆಯ ಮೇಲಿಲ್ಲ, ಕಲ್ಲು ಕಂಬದ ಮೇಲಿದೆ. ಹಳೇ ಮನೆಯ ತೊಲೆಗಳೇ ಆದವು. ಮೇಲೆ ಮಂಗಳೂರು ಹಂಚು, ಸೂರು ಗೋಡೆಯಿಂದ ಮೂರಡಿ ಹೊರಕ್ಕೆ. ಬಚ್ಚಲು ಮನೆ ಹೊರಗೆ, ಬೇರೆ. ಅಡಿಗೆಮನೆಯಲ್ಲಿ ನೀರು ಬಳಸುವ ಕಡೆಯ ಗೋಡೆ ಕಲ್ಲಿನದು. ನೀರು ಇರುವಲ್ಲಿ ಹುಲ್ಲು ಬೇಡ.

ಗಿಲಾವಿನ ಮಾತಿಗೆ ಬರ್ತೀನಿ. ಸಿಮೆಂಟ್ ಹೊಡೆಸಿ ಅಂತ ಸಲಹೆ ಕೊಟ್ಟವರು ಬಹಳ. ಸಿಮೆಂಟು ಬಿರುಕು ಬಿಟ್ಟಲ್ಲಿ ನೀರು ಒಳಗೆ ಹೋಗುತ್ತೆ, ಹೋದ ನೀರು ಹೊರಗೆ ಬರಲು ದಾರಿ ಇರೋದಿಲ್ಲ. ಮಣ್ಣು ಹಾಗಲ್ಲ, ಕುಡಿಯುತ್ತೆ, ಬಿಸಿಲು ಬಂದಾಗ ಬಿಡುತ್ತೆ. ನಮ್ಮ ಕೆರೆ ಅಂಗಳದ ಜಿಗುಟು ಮಣ್ಣು, ಹೊಲದ ಕೆಂಪು ಮಣ್ಣು ಬೆರೆಸಿ, ನೀರು ಬಿಟ್ಟು, ಸಗಣಿ ಹಾಕಿ ಒಂದು ವಾರ ಕೊಳೆ ಹಾಕಿದೆವು. ಮೊದಲ ಸಲ ಗಂಜಿಯಂತೆ ತೆಳ್ಳಗೆ ಮಾಡಿ, ಅಂಗೈಯಿಂದ ಹುಲ್ಲಿನ ಒಳಕ್ಕೆ ಉಜ್ಜಬೇಕು. ಈ ಉಜ್ಜೋದು ಸರಿ ಆಗದಿದ್ದರೆ ಮೇಲಿನದೆಲ್ಲ ಹಪ್ಪಳದಂತೆ ಏಳುತ್ತೆ. ಎರಡನೇ ಸಲಕ್ಕೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿದು ಒಂದಿಂಚು ದಪ್ಪ. ಅದು ಒಣಗಿ ಬಿರುಕು ಬಿಟ್ಟು ನಿಂತ ಮೇಲೆ, ಸೋಸಿದ ಮಣ್ಣು, ಮರಳು, ಸಗಣಿಯ ತೆಳು ಗಿಲಾವು. ಹೊರಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಕಾರಣೆ.

ಗಾರೆ ಮೇಸ್ತ್ರಿಗಳನ್ನು ಕರೆಸಿದ್ದೆ. ಕರಣೆ ಹಿಡಿದ ಕೈಗೆ ಈ ಕೆಲಸ ಬರಲಿಲ್ಲ, ಎರಡು ದಿನಕ್ಕೆ ಹೋದರು. ಮಾಡಿದ್ದು ನಮ್ಮ ಊರ ಹೆಣ್ಣುಮಕ್ಕಳು. ಹುಟ್ಟಿದಾಗಿನಿಂದ ಗೋಡೆ ಮೆತ್ತಿ, ನೆಲ ಸಾರಿಸಿದ ಕೈ. ಅವರಿಗೆ ಹೆಣ್ಣಾಳಿನ ಕೂಲಿ ಅಲ್ಲ, ಮೇಸ್ತ್ರಿ ಕೂಲಿಯೇ ಕೊಟ್ಟೆ. ಊರಲ್ಲಿ ಕೆಲವರು "ಕೂಲಿ ರೇಟು ಕೆಡಿಸ್ತೀಯ" ಅಂದರು. ಮೇಸ್ತ್ರಿ ಕೈಲಿ ಆಗದ ಕೆಲಸಕ್ಕೆ ಮೇಸ್ತ್ರಿಗಿಂತ ಕಮ್ಮಿ ಕೊಡೋದು ಯಾವ ನ್ಯಾಯ?

ಗೃಹಪ್ರವೇಶದ ವಿಚಾರದಲ್ಲಿ ಮನೆಯಲ್ಲೇ ಜಗಳ ಆಯ್ತು. ವೈಶಾಖದಲ್ಲಿ ಒಳ್ಳೆ ಮುಹೂರ್ತ ಇತ್ತು. ಆಮೇಲೆ ಆಷಾಢ ಬರುತ್ತೆ, ಬೇಗ ಹೊಕ್ಕುಬಿಡೋಣ ಅಂತ ನೆಂಟರೆಲ್ಲ. ಹೊರಗೆ ಗಿಲಾವು ಮುಗಿದಿತ್ತು. ಒಳಗೆ ಬಡಗಣ ಗೋಡೆಗೆ ಕೈ ಇಟ್ಟರೆ ಇನ್ನೂ ತಣ್ಣಗೆ, ಬಣ್ಣವೂ ಕಪ್ಪು. ಒಣಗದ ಮನೆಯಲ್ಲಿ ಹಾಲು ಉಕ್ಕಿಸಿ, ಬಾಗಿಲು ಮುಚ್ಚಿ ಮಲಗಿದರೆ ಆ ತೇವ ಹೋಗೋದು ಹುಲ್ಲಿಗೆ. ಸಿಮೆಂಟ್ ಮನೆಗೆ ಪಂಚಾಂಗ ನೋಡಿ, ಈ ಮನೆಗೆ ಗೋಡೆ ನೋಡಿ ಅಂತ ಹೇಳಿದೆ. ಕಿಟಕಿ ಬಾಗಿಲು ತೆಗೆದಿಟ್ಟು ಆಷಾಢದ ಗಾಳಿ ಒಳಗೆ ಆಡಲು ಬಿಟ್ಟೆವು. ನಮ್ಮ ಸೀಮೆಯಲ್ಲಿ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ, ಅದರಿಂದ ಆದ ಉಪಕಾರ ಇದೊಂದು. ಶ್ರಾವಣದಲ್ಲಿ ಒಳಗೆ ಬಂದೆವು. ಅವ್ವ ಮೊದಲ ದಿನ ಗೋಡೆಗೆ ಕಿವಿ ಇಟ್ಟು ಇಲಿ ಇದೆಯಾ ಅಂತ ಕೇಳಿಸಿಕೊಂಡಳು. ಇರಲಿಲ್ಲ. ಇಲಿಗೆ ಬೇಕಾದ್ದು ಕಾಳು ಮತ್ತು ತೂತು, ಎರಡೂ ಇಲ್ಲದಂತೆ ನೋಡಿಕೊಂಡರೆ ಬರೋದಿಲ್ಲ. ಅವ್ವ ಈಗಲೂ ವಾರಕ್ಕೊಮ್ಮೆ ಕಿವಿ ಇಡ್ತಾಳೆ.

ಬೆಂಕಿ ಬಗ್ಗೆಯೂ ಕೇಳ್ತಾರೆ. ಭಯ ಇರೋದು ಕಟ್ಟುವಾಗ. ಬಿಡಿ ಹುಲ್ಲು ಸುತ್ತ ಬಿದ್ದಿರುತ್ತೆ. ಬೀಡಿ ಸೇದುವವರನ್ನು ರಸ್ತೆಯಾಚೆ ಕಳಿಸ್ತಿದ್ದೆ, ದಿನಾ ಸಂಜೆ ಕಸ ಗುಡಿಸಿ ದೂರ ಹಾಕಿಸ್ತಿದ್ದೆ. ಬಿಗಿಯಾಗಿ ಕಟ್ಟಿ ಎರಡೂ ಕಡೆ ಮಣ್ಣು ಮೆತ್ತಿದ ಮೇಲೆ ಒಳಗೆ ಗಾಳಿ ಆಡೋದಿಲ್ಲ, ಹೊತ್ತಿಕೊಳ್ಳೋದು ಕಷ್ಟ. ಅಮೆರಿಕದಲ್ಲಿ 2006ರಲ್ಲಿ ಪರೀಕ್ಷೆ ಮಾಡಿದಾಗ ಮಣ್ಣು ಮೆತ್ತಿದ ಹುಲ್ಲಿನ ಗೋಡೆ ಒಂದು ಗಂಟೆ ಬೆಂಕಿ ತಡೆಯಿತು. ನಮ್ಮ ಸೋಗೆ ಗುಡಿಸಲು ಐದು ನಿಮಿಷ ತಡೆಯೋದಿಲ್ಲ.

ಪೂರ್ತಿ ಬೇಸಿಗೆ ಒಂದನ್ನೂ ಈ ಮನೆಯಲ್ಲಿ ನಾವು ಇನ್ನೂ ಕಳೆದಿಲ್ಲ. ಅದರ ಬಗ್ಗೆ ದೊಡ್ಡ ಮಾತು ಈಗ ಬೇಡ. ಬೇಸಿಗೆ ಕಳೆದ ಮೇಲೆ ಬೇಕಿದ್ದರೆ ಇನ್ನೊಮ್ಮೆ ಬರೀತೀನಿ.

ಮೊನ್ನೆ ಒಬ್ಬ ಅಣ್ಣ ಬಂದಿದ್ದ. "ಇರ್ಲಿ ಬಿಡು, ಮತ್ತೆ ಬರ ಬಂದ್ರೆ ಗೋಡೆ ಒಡೆದು ಎತ್ತಿಗೆ ಹಾಕ್ಬಹುದು" ಅಂತ ನಗಾಡಿದ. ಹಾಗೆ ಆಗೋದಿಲ್ಲ ಅಣ್ಣಾ, ಮಣ್ಣು ಸಗಣಿ ಹೊಕ್ಕ ಹುಲ್ಲನ್ನು ಎತ್ತು ಮೂಸಲ್ಲ. ಗೋಡೆಗೆ ಹೋದದ್ದು ಹೋಯ್ತು. ಅದಕ್ಕೇ ಮೊದಲು ಬಣವೆ ತುಂಬಿರಬೇಕು ಅಂತ ಹೇಳೋದು. ಅಂಥ ವರ್ಷ ಬಂದು, ಕಟ್ಟುವ ಮನಸ್ಸಿರುವವರು ದೀಪಾವಳಿ ಹೊತ್ತಿಗೆ ಗದ್ದೆ ಸೀಮೆಯ ನೆಂಟರಿಗೆ ಹೇಳಿಟ್ಟಿರಿ. ಭತ್ತ ಕೊಯ್ದು ನಾಲ್ಕು ದಿನದೊಳಗೆ ಹೋಗದಿದ್ದರೆ ಅಲ್ಲಿ ಬೂದಿ ಮಾತ್ರ ಸಿಗುತ್ತೆ.