ಬಸ್ಸು ತಿರುಗುವ ಊರುಗಳು

ನಮ್ಮ ಟೀಮಿನಲ್ಲಿ ಈ ವರ್ಷ ಇಬ್ಬರು ಕ್ಯೋಟೋ ನೋಡಿ ಬಂದರು. ಇನ್ನೊಬ್ಬರು ವೀಸಾಕ್ಕೆ ಕಾಯ್ತಿದ್ದಾರೆ. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಜಪಾನಿನ ರಾಜಧಾನಿಯಾಗಿದ್ದ ಊರು, ಒಟ್ಟಿಗೆ 17 ತಾಣಗಳು ಯುನೆಸ್ಕೊ ಪಟ್ಟಿಯಲ್ಲಿ. ಹೋಗಬೇಕಾದ ಜಾಗವೇ, ಅನುಮಾನವಿಲ್ಲ. ಆದರೆ ನಾನು ಹರಪನಹಳ್ಳಿಯವನು ಅಂದ ಕೂಡಲೇ ಅವರಿಬ್ಬರೂ ಕೇಳಿದ್ದು ಒಂದೇ: "ಅಂದ್ರೆ ಹಂಪಿ ಹತ್ರಾನಾ?"

ಹತ್ರಾನೇ, ಅದೇ ನಮ್ಮ ಕಷ್ಟ. ಬಂದವರ ಕಾರೆಲ್ಲ ಹೊಸಪೇಟೆಯಲ್ಲೇ ನಿಲ್ಲುತ್ತದೆ. ಕೂಡ್ಲಿಗಿ ಅಂದರೆ ಹೈವೇ ಮೇಲೆ ಚಹಾ ಕುಡಿಯೋ ಊರು, ಅಷ್ಟೇ. ಕೊಟ್ಟೂರಿಗೆ ತೇರಿಗೆ, ಮೈಲಾರಕ್ಕೆ ಕಾರಣಿಕ ಕೇಳೋಕೆ ಜನ ಲಕ್ಷಗಟ್ಟಲೆ ಬರ್ತಾರೆ ನಿಜ. ಆದರೆ ಅವರು ಭಕ್ತರು. ಸುಮ್ಮನೆ ನೋಡೋಕೆ ಅಂತ ಬರುವವರು ಬೆರಳೆಣಿಕೆ.

ಹರಪನಹಳ್ಳಿಯಿಂದ ಬಾಗಳಿಗೆ ಬೈಕಲ್ಲಿ ಹೋದರೆ ಕಾಲು ಗಂಟೆ ಸಾಕು. ಕಲ್ಲೇಶ್ವರ ಗುಡಿಯ ಮಂಟಪಕ್ಕೆ ಐವತ್ತು ಕಂಬ, ಲೇತಿಗೆ ಹಾಕಿ ತಿರುಗಿಸಿದಂಥ ನುಣುಪು. 987ರ ಹೊತ್ತಿನದು, ಕಲ್ಯಾಣ ಚಾಲುಕ್ಯರ ಮೊದಲ ದೊರೆ ತೈಲಪನ ಕಾಲ. ಅಂದರೆ ಹಂಪಿಯ ಸಾಮ್ರಾಜ್ಯ ಹುಟ್ಟುವುದಕ್ಕೆ ಇನ್ನೂ ಮುನ್ನೂರೈವತ್ತು ವರ್ಷ ಬಾಕಿ! ಹಂಪಿಯ ನೆರಳಲ್ಲಿ ನಾವಿದ್ದೀವಿ ಅಂತ ಯಾರಾದರೂ ಅಂದರೆ ಈ ಲೆಕ್ಕ ಹೇಳಿಬಿಡಿ.

ಕುರುವತ್ತಿಗೆ ಹೋಗಿದ್ದು ಅಪ್ಪನ ಜೊತೆ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಈ ಐದು ತಾಲ್ಲೂಕಿನ ಹಳ್ಳಿ ರೂಟುಗಳಲ್ಲೇ ಅವರ ಸರ್ವೀಸು ಮುಗಿಯಿತು. ಕುರುವತ್ತಿಗೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ, ಗುಡಿ ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಬಸ್ಸು ತಿರುಗೋಕೆ ಹತ್ತು ನಿಮಿಷ, ಅಷ್ಟರಲ್ಲಿ ವೇ ಬಿಲ್ ಬರೀಬೇಕು, ನೀರು ಕುಡೀಬೇಕು. ಈಗ ಟೈಮಿದೆ, ಮೊಣಕಾಲಿಲ್ಲ. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು, ಅದಕ್ಕೆ ಮೊದಲೇ ಹೋಗೋಣ ಅಂತ ಹೊರಟೆವು.

ಮಲ್ಲಿಕಾರ್ಜುನ ಗುಡಿಯ ಬಾಗಿಲ ಬಳಿ ಕಂಬದ ತಲೆಯಿಂದ ಚಾಚಿಕೊಂಡ ಮದನಿಕೆಯರಿದ್ದಾರೆ. ಬೇಲೂರಿನ ಮದನಿಕೆಯರಿಗಿಂತ ಹಿರಿಯರು ಇವರು, ಹನ್ನೊಂದನೇ ಶತಮಾನದವರು. ಅಪ್ಪ ಕೋಲೂರಿ ನಿಂತು ತಲೆ ಎತ್ತಿ ನೋಡ್ತಾನೇ ಇದ್ದರು. "ಎಷ್ಟ್ ವರ್ಷ ಈ ಊರ ಹೆಸ್ರು ಕೂಗೀನಿ, ಒಳಗ ಇದೈತಿ ಅಂತ ಯಾರೂ ಹೇಳ್ಲಿಲ್ಲ ನೋಡಪಾ."

ಗುಡಿಯಿಂದ ಹೊಳೆಗೆ ಇಳಿದೆವು. ಆಚೆ ದಡ ಹಾವೇರಿ ಜಿಲ್ಲೆ. ವಾಸಿಯಾಗದ ಜ್ವರ ಹಿಡಿದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ 1068ರಲ್ಲಿ ಇದೇ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡವನು, ಚೋಳರ ಜೊತೆ ಜೀವಮಾನವೆಲ್ಲ ಬಡಿದಾಡಿದವನು. ಇದನ್ನು ಹೇಳಿದಾಗ ಅಪ್ಪ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಣಕಾಲು ನೀವಿಕೊಂಡು, "ನಾನಂತೂ ಆಪರೇಷನ್ನೇ ಮಾಡಿಸ್ತೀನಪ್ಪ" ಅಂದರು.

ಕ್ಯೋಟೋಕ್ಕೆ ತೋಟಗಳಿವೆ, ನಮಗೆ? ಹಡಗಲಿ ಮಲ್ಲಿಗೆ ಇದೆ, ಜಿಐ ಟ್ಯಾಗ್ ಸಿಕ್ಕಿದ್ದು. ನೋಡೋಕೆ ಅಲ್ಲ, ಬುಟ್ಟಿ ಬುಟ್ಟಿ ಮಾರೋಕೆ ಬೆಳೆಯೋದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಇದೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ, ಬೆಳಗ್ಗೆ ಬೇಗ ಹೋಗಿ, ಬೈನಾಕ್ಯುಲರ್ ಇದ್ದರೆ ಒಯ್ಯಿರಿ.

ನಮ್ಮೂರು ಕ್ಯೋಟೋ ಆಗಲಿ ಅನ್ನುವ ಆಸೆ ನನಗಿಲ್ಲ. ಅಲ್ಲಿ ಗಿಯೋನ್‌ನ ಕೆಲವು ಖಾಸಗಿ ಓಣಿಗಳಿಗೆ ಪ್ರವಾಸಿಗರು ಕಾಲಿಡಬಾರದು ಅಂತ 2024ರಲ್ಲಿ ಬೋರ್ಡ್ ಹಾಕಬೇಕಾಯಿತು. ನಮಗೆ ಅಷ್ಟು ಜನ ಬೇಡ. ಗುಡಿಯ ಹತ್ತಿರ ಒಂದು ಶೌಚಾಲಯ, ಕೂತು ನೋಡೋಕೆ ಒಂದು ಬೆಂಚು, ಅರ್ಧ ಗಂಟೆ ಕಾಯುವ ಒಂದು ಬಸ್ಸು ಇದ್ದರೆ ಸಾಕು.

ಹೊಸಪೇಟೆ–ಹರಿಹರ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರನ್ನೂ ಮುಟ್ಟುತ್ತದೆ. ಹಳ್ಳಿಗಳಿಗೆ ಮಾತ್ರ ಸ್ವಂತ ಗಾಡಿ ಇದ್ದರೆ ಒಳ್ಳೇದು.

ಆಪರೇಷನ್ ಆಯಿತು. ಅಪ್ಪ ಹಾಸಿಗೆಯಲ್ಲೇ ಪಟ್ಟಿ ಮಾಡಿದ್ದಾರೆ: ಅಂಬಳಿ, ನೀಲಗುಂದ, ಮಾಗಳ, ಹಿರೇಹಡಗಲಿ. ಎಲ್ಲವೂ ಅವರ ಬಸ್ಸು ತಿರುಗುತ್ತಿದ್ದ ಊರುಗಳೇ. ಮುಂದಿನ ತಿಂಗಳು ಎರಡು ದಿನ ರಜೆ ಹಾಕಿದ್ದೀನಿ.