ನಾವು ಜಂಪ್ ಮಾಡಬಹುದು, ಕರುಣ್ ಮಾಡಬಾರದಾ?

ಬಿಟಿಎಂ ಲೇಔಟಿನ ಯಾವ ಪಿಜಿಯಲ್ಲಿ ಬೇಕಾದರೂ ಕೇಳಿ, ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸದವನೇ ಪೆದ್ದ. ಆದರೆ ಒಬ್ಬ ಆಟಗಾರ ರಾಜ್ಯ ಬಿಟ್ಟರೆ ಇದೇ ಜನಕ್ಕೆ 'ನಿಯತ್ತು' ನೆನಪಾಗುತ್ತೆ.

ಅಲ್ರೀ, ಕರುಣ್ ನಾಯರ್ ಇನ್ನೇನು ಮಾಡಬೇಕಿತ್ತು? 2016ರ ಚೆನ್ನೈ ಟೆಸ್ಟಿನಲ್ಲಿ ಅಜೇಯ 303 ಹೊಡೆದವನಿಗೆ 2022ರ ಕೊನೆಗೆ ಕರ್ನಾಟಕ ತಂಡದಲ್ಲೇ ಜಾಗ ಇರಲಿಲ್ಲ. ಇನ್ನೊಂದು ಅವಕಾಶ ಕೊಡು ಅಂತ ಟ್ವಿಟರಿನಲ್ಲಿ ಕ್ರಿಕೆಟ್ಟನ್ನೇ ಬೇಡಿಕೊಂಡ. 2023ರಲ್ಲಿ ವಿದರ್ಭಕ್ಕೆ ಹೋದ. 2024-25ರ ರಣಜಿಯಲ್ಲಿ 863 ರನ್, ಫೈನಲ್‌ನಲ್ಲಿ ಶತಕ, ವಿದರ್ಭಕ್ಕೆ ಕಪ್. 2025ರ ಜೂನ್‌ನಲ್ಲಿ, ಎಂಟು ವರ್ಷದ ಮೇಲೆ, ಮತ್ತೆ ಟೆಸ್ಟ್ ಆಡಿದ. ಇಲ್ಲೇ ಬಾಗಿಲು ಕಾಯುತ್ತಾ ಕೂತಿದ್ದರೆ ಇದಾಗ್ತಿತ್ತಾ?

ಹಾಗಂತ ಸುಮ್ಮನೆ ಬ್ಯಾಗ್ ಎತ್ಕೊಂಡು ಹೊರಡೋಕೂ ಆಗಲ್ಲ. ಮೂಲ ಸಂಸ್ಥೆಯ ಎನ್‌ಒಸಿ ಬೇಕು, ನಮ್ಮ ರಿಲೀವಿಂಗ್ ಲೆಟರಿನ ಅಣ್ಣ ಅದು. ಅಮೆರಿಕದ್ದೂ ಇದೇ ಕಥೆ. ಅಲ್ಲಿನ ದೊಡ್ಡ ಕಾಲೇಜು ಫುಟ್‌ಬಾಲಿನಲ್ಲಿ ಕಾಲೇಜು ಬದಲಿಸಿದ ಹುಡುಗ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಅದು ಸಡಿಲವಾಯಿತು. ಕೋಟಿಗಟ್ಟಲೆ ಸಂಬಳದ ಕೋಚ್‌ಗೆ ಮಾತ್ರ ಇಂಥ ಶಿಕ್ಷೆ ಯಾವತ್ತೂ ಇರಲಿಲ್ಲ!

ಬೈಯೋದಿದ್ದರೆ ಆಯ್ಕೆ ಸಮಿತಿಯನ್ನು ಬೈಯಿರಿ. 2025-26ಕ್ಕೆ ಕರುಣ್ ಕರ್ನಾಟಕಕ್ಕೆ ವಾಪಸ್ ಬಂದಾಗ, ನಿಮ್ಮಲ್ಲಿ ಯಾರಾದರೂ 'ವಿದರ್ಭಕ್ಕೆ ದ್ರೋಹ' ಅಂದ್ರಾ?