ಕೂಲಿ ನುಂಗಿದವನು ಕಳ್ಳನಲ್ಲವೆ?

ಮೊನ್ನೆ ಪಾಳಿ ಬಿಡುವ ಹೊತ್ತಿಗೆ ನಾವು ಗಿರಣಿಯ ಬಾಗಿಲಲ್ಲಿ ಸಂಘದ ವರ್ಗಣಿಯ ಪಾವತಿ ಪುಸ್ತಕ ಹಿಡಿದು ನಿಂತಿದ್ದೆವು. ಗುತ್ತಿಗೆಯ ಮೇಲೆ ದುಡಿಯುವ ಒಬ್ಬ ಹುಡುಗ ನಮ್ಮನ್ನು ದಾಟಿ ನಡೆದ. ಅವನ ಅಂಗಿಯ ಎದೆಯ ಮೇಲೆ ಜೇಡದ ಚಿತ್ರವಿತ್ತು. ಯಾರಪ್ಪಾ ಇವನು ಎಂದು ಕೇಳಿದೆ. "ಸ್ಪೈಡರ್‌ಮ್ಯಾನ್ ರೀ ಮಾಸ್ತರ. ನಮ್ಮಂಥಾವನ ಅದಾನ. ಅಪ್ಪ-ಅವ್ವ ಇಲ್ಲ, ಕಾಕಾನ ಮನ್ಯಾಗ ಬೆಳದಾನ, ಕಾಕಾಂದೂ ನೌಕರಿ ಹೋಗೇತಿ. ಆದ್ರ ಯಾವ ಸಂಘಕ್ಕೂ ಹೋಗಲಿಲ್ಲ, ಒಬ್ಬನ ಎಲ್ಲಾ ಸರಿ ಮಾಡಿದ" ಎಂದು ನಕ್ಕು ಹೋದ.

ಆ ನಗು ನನಗೆ ಚುಚ್ಚಿತು. ಅಂದು ರಾತ್ರಿಯೇ ಆ ಸಿನೇಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಅದು 2002ರ ಮೇ ತಿಂಗಳಲ್ಲಿ ಅಮೇರಿಕೆಯಲ್ಲಿ ತೆರೆಕಂಡದ್ದು. ಸ್ಯಾಮ್ ರೈಮಿ ಎಂಬವರು ನಿರ್ದೇಶಿಸಿದ್ದು. ಮೊದಲ ಮೂರೇ ದಿನಗಳಲ್ಲಿ ಅಮೇರಿಕೆಯೊಂದರಲ್ಲೇ 11 ಕೋಟಿ ಡಾಲರಿಗೂ ಮಿಕ್ಕಿ ಬಾಚಿತು. ಜಗತ್ತಿನಾದ್ಯಂತ ಅದರ ಗಳಿಕೆ 82 ಕೋಟಿ ಡಾಲರು ಮೀರಿತು. ನಮ್ಮ ದೇಶದಲ್ಲಿ ಹಿಂದಿ, ತಮಿಳು, ತೆಲುಗುಗಳಲ್ಲೂ ಓಡಿತು. ಇಂದಿಗೂ ಹುಡುಗರ ಮೊಬೈಲುಗಳಲ್ಲಿ ಅದರ ತುಣುಕುಗಳು ಓಡುತ್ತಲೇ ಇವೆ.

ಸಿನೇಮಾ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೆಟ್ಟದ್ದಾಗಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ಅದು ಚೆನ್ನಾಗಿದೆ, ಆದ್ದರಿಂದಲೇ ಎಚ್ಚರ ಬೇಕು.

ಹಿಂದಿನ ವೀರರು ನಮ್ಮಂಥವರಾಗಿರಲಿಲ್ಲ. 1938ರಲ್ಲಿ ಅಚ್ಚಾದ ಸೂಪರ್‌ಮ್ಯಾನ್ ಬೇರೊಂದು ಗ್ರಹದಿಂದ ಇಳಿದು ಬಂದವನು. 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೇರಿ ಸ್ಪೈಡರ್‌ಮ್ಯಾನನನ್ನು ಹುಟ್ಟಿಸಿದಾಗ ಲೆಕ್ಕ ಬದಲಾಯಿತು. ಪೀಟರ್ ಪಾರ್ಕರ್ ಶಾಲೆಗೆ ಹೋಗುವ ಬಡ ಹುಡುಗ. ಕನ್ನಡಕ, ಸಂಕೋಚ, ಜೊತೆಯವರ ಗೇಲಿ. ಕಿಸೆಯಲ್ಲಿ ದುಡ್ಡಿಲ್ಲ. ಪುಸ್ತಕ ಕೊಳ್ಳುವವನು ತನ್ನ ಮುಖವನ್ನೇ ಅದರಲ್ಲಿ ಕಂಡ, ಮುಂದಿನ ಸಂಚಿಕೆಯನ್ನೂ ಕೊಂಡ. ಬಂಡವಾಳಗಾರನಿಗೆ ನಮ್ಮ ಬಡತನವೂ ಮಾರುವ ಮಾಲೇ ಎಂಬುದನ್ನು ಮೊದಲು ತಿಳಿಯಬೇಕು.

ಈಗ ಕಥೆಗೆ ಬರೋಣ. ಬೆನ್ ಕಾಕಾ ಕಾರ್ಖಾನೆಯ ಹಿರಿಯ ಎಲೆಕ್ಟ್ರಿಷಿಯನ್. 35 ವರ್ಷ ದುಡಿದ ಮೇಲೆ, 68ನೆಯ ವಯಸ್ಸಿನಲ್ಲಿ, ಅವನನ್ನು ಮನೆಗೆ ಕಳಿಸಿದ್ದಾರೆ. ಕಂಪನಿ ಜನರನ್ನು ಇಳಿಸಿ ಲಾಭವನ್ನು ಏರಿಸುತ್ತಿದೆ ಎಂದು ಆ ಮುದುಕ ತಾನೇ ಅಡಿಗೆಮನೆಯಲ್ಲಿ ಹೇಳುತ್ತಾನೆ. ಪತ್ರಿಕೆಯಲ್ಲಿ ಕೆಲಸದ ಜಾಹೀರಾತು ಹುಡುಕುತ್ತಾನೆ. ಎಲ್ಲವೂ ಕಂಪ್ಯೂಟರಿನ ಕೆಲಸ, ತನ್ನ ವಯಸ್ಸಿಗೆ ಒಗ್ಗದು ಎನ್ನುತ್ತಾನೆ. ಓದುಗರೇ, ಇಂಥ ಅಡಿಗೆಮನೆ ನಮ್ಮ ಓಣಿಯಲ್ಲಿ ಎಷ್ಟಿಲ್ಲ? ನೋಡುವಾಗ ನನ್ನ ಗಂಟಲು ಕಟ್ಟಿತು. ಆದರೆ ಅಷ್ಟೇ! ಆ ಕಾರ್ಖಾನೆಯ ಹೆಸರನ್ನು ಸಿನೇಮಾ ಹೇಳುವುದಿಲ್ಲ, ಅದರ ಬಾಗಿಲನ್ನೂ ತೋರಿಸುವುದಿಲ್ಲ. ಮುಂದೆ ಗೋಡೆ ಹತ್ತಿ ಹಾರುವ ವೀರ ಒಂದು ದಿನವೂ ಆ ಬಾಗಿಲಿಗೆ ಹೋಗಿ, ನನ್ನ ಕಾಕಾನನ್ನು ಯಾಕೆ ತೆಗೆದಿರಿ ಎಂದು ಕೇಳುವುದಿಲ್ಲ.

ಇನ್ನು ಮುಖ್ಯವಾದ ಸಂಗತಿ. ಜೇಡ ಕಚ್ಚಿ ಶಕ್ತಿ ಬಂದ ಹುಡುಗ ಒಂದು ಕುಸ್ತಿಯ ಜಾಹೀರಾತು ನೋಡುತ್ತಾನೆ. ಜಟ್ಟಿಯೆದುರು ಮೂರು ನಿಮಿಷ ನಿಂತರೆ 3000 ಡಾಲರು. ಅವನು ಎರಡೇ ನಿಮಿಷದಲ್ಲಿ ಜಟ್ಟಿಯನ್ನು ಕೆಡವುತ್ತಾನೆ. ಹಣ ಕೇಳಲು ಹೋದರೆ ಗುತ್ತಿಗೆದಾರ ಏನು ಹೇಳುತ್ತಾನೆ? ಮೂರು ನಿಮಿಷಕ್ಕೆ 3000, ನೀನು ಎರಡರಲ್ಲೇ ಮುಗಿಸಿದೆ, ಆದ್ದರಿಂದ ತಗೋ 100! ನನಗೆ ಹಣದ ಜರೂರಿದೆ ಎಂದರೆ, ಅದು ನನ್ನ ತಾಪತ್ರಯವಲ್ಲ ಎನ್ನುತ್ತಾನೆ. ಈ ಕರಾರಿನ ಭಾಷೆ ಗಿರಣಿಯವರಿಗೆ ಹೊಸದೆ? ಬೇಗ ಮುಗಿಸಿದರೆ ಕೂಲಿ ಕಡಿತ, ತಡವಾದರೆ ದಂಡ. ಸಣ್ಣ ವ್ಯಾಪಾರಿಗೆ ಹೊಸದೆ? ಮಾಲು ಒಳಗೆ ಹಾಕಿಕೊಂಡ ಮೇಲೆ ಕಸರು ತೆಗೆದು ಅರ್ಧ ಬಿಲ್ಲು ಕೊಡುವ ದೊಡ್ಡ ಖರೀದಿದಾರನನ್ನು ಅವನು ಬಲ್ಲ.

ಆ ಗಳಿಗೆಯಲ್ಲೇ ಒಬ್ಬ ಕಳ್ಳ ಗುತ್ತಿಗೆದಾರನ ಹಣ ದೋಚಿಕೊಂಡು ಓಡುತ್ತಾನೆ. ಮೋಸಹೋದ ಹುಡುಗ ಅಡ್ಡ ನಿಲ್ಲುವುದಿಲ್ಲ, ದಾರಿ ಬಿಡುತ್ತಾನೆ. ಮುಂದೆ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಬೆನ್ ಕಾಕಾ ಗುಂಡಿಗೆ ಬಲಿಯಾಗುತ್ತಾನೆ. ಕಳ್ಳನನ್ನು ಬಿಟ್ಟೆನಲ್ಲಾ ಎಂಬ ಪಶ್ಚಾತ್ತಾಪವೇ ಹುಡುಗನನ್ನು ವೀರನನ್ನಾಗಿ ಮಾಡುತ್ತದೆ. ಶಕ್ತಿ ಇದ್ದವನಿಗೆ ಹೊಣೆಯೂ ಇದೆ ಎಂಬ ಕಾಕಾನ ಉಪದೇಶ ಅವನ ಮಂತ್ರವಾಗುತ್ತದೆ.

ಒಳ್ಳೆಯ ಉಪದೇಶ. ಆದರೆ ಅದು ಯಾರಿಗೆ? ನ್ಯಾಯವನ್ನು ತೂಗಿ ನೋಡಿರಿ. ಕಳ್ಳ ಕಿಟಕಿಯಿಂದ ಬಿದ್ದು ಸತ್ತ. ಕಾಕಾ ಸತ್ತ. ಹುಡುಗ ಜೀವಮಾನವಿಡೀ ಪಾಪದ ಹೊರೆ ಹೊತ್ತ. 2900 ಡಾಲರು ನುಂಗಿದವನಿಗೆ ಏನಾಯಿತು? ಏನೂ ಆಗಲಿಲ್ಲ. ಸಿನೇಮಾ ಅವನನ್ನು ಮರೆತೇಬಿಟ್ಟಿತು. ಬಂದೂಕು ಹಿಡಿದು ಕಸಿದವನು ಕಳ್ಳ, ಕರಾರು ಹಿಡಿದು ಕಸಿದವನು ವ್ಯವಹಾರಸ್ಥ! ಹೊಣೆಯ ಪಾಠ ಕೂಲಿ ಕಳಕೊಂಡವನಿಗೆ. ಕೂಲಿ ನುಂಗಿದವನಿಗೆ ಪಾಠವೂ ಇಲ್ಲ, ಶಿಕ್ಷೆಯೂ ಇಲ್ಲ. ನೋಡುಗನ ಕಣ್ಣಲ್ಲಿ ನೀರು ತರಿಸಿ ಆ ನೀರಿನ ಮರೆಯಲ್ಲಿ ಧಣಿಯನ್ನು ಹಿಂಬಾಗಿಲಿಂದ ದಾಟಿಸುವ ಉಪಾಯವಿದು.

ಮುಂದೆಯೂ ಹೀಗೆಯೇ. ಹುಡುಗ ಪತ್ರಿಕೆಗೆ ಚಿತ್ರ ತೆಗೆದು ಕೊಡುತ್ತಾನೆ. ಸಂಪಾದಕ ಮೊದಲು 200, ಹುಡುಗ ಎದ್ದು ಹೊರಟ ಮೇಲೆ 300 ಡಾಲರು ಎನ್ನುತ್ತಾನೆ. ಕಾಯಂ ನೌಕರಿ ಕೇಳಿದರೆ ಇಲ್ಲ, ತುಂಡುಗೆಲಸವೇ ಹುಡುಗರಿಗೆ ಒಳ್ಳೆಯದು, ಬೇಕಾದರೆ ಕ್ರಿಸ್‌ಮಸ್ಸಿಗೆ ಒಂದು ಡಬ್ಬಿ ಮಾಂಸ ಕಳಿಸುತ್ತೇನೆ ಎನ್ನುತ್ತಾನೆ. ಸಭಾಗೃಹ ನಗುತ್ತದೆ. ದೀಪಾವಳಿಗೆ ಬೋನಸ್ ಕೇಳಿ ಮಿಠಾಯಿ ಡಬ್ಬಿ ಪಡೆದವರು ಮಾತ್ರ ನಗಲಾರರು.

ಖಳನಾಯಕ ಯಾರು? ಸೈನ್ಯಕ್ಕೆ ಯುದ್ಧಸಾಮಗ್ರಿ ಸಿದ್ಧಮಾಡುವ ಕಂಪನಿಯ ಒಡೆಯ ಆಸ್‌ಬಾರ್ನ್. ಬಂತು ನೋಡಿ, ಸತ್ಯ ಹೊರಬಿತ್ತು ಎನ್ನುವಷ್ಟರಲ್ಲಿ ಅವನಿಗೆ ರಾಸಾಯನಿಕ ಹೊಗೆ ಕುಡಿಸಿ ಹುಚ್ಚು ಹಿಡಿಸುತ್ತಾರೆ. ಹುಚ್ಚು ಹಿಡಿದದ್ದರಿಂದ ಅವನು ಕೆಟ್ಟವನಂತೆ! ಹಾಗಾದರೆ ಹುಚ್ಚು ಹಿಡಿಯುವ ಮುನ್ನ ಕೊಲ್ಲುವ ಯಂತ್ರ ಮಾರುತ್ತಿದ್ದಾಗ ಅವನು ಸಂಭಾವಿತನೆ?

ತೆರೆಯ ಹಿಂದೆ ನಡೆದದ್ದನ್ನೂ ಕೇಳಿ. ಸಿನೇಮಾ ಕೋಟಿಗಟ್ಟಲೆ ಗಳಿಸಿದ ಅದೇ 2002ರ ನವೆಂಬರಿನಲ್ಲಿ ಸ್ಟಾನ್ ಲೀ, ಲಾಭದಲ್ಲಿ ತನಗೆ ಕರಾರಿನಂತೆ ಬರಬೇಕಾದ ಪಾಲು ಬಂದಿಲ್ಲವೆಂದು ಮಾರ್ವೆಲ್ ಕಂಪನಿಯ ಮೇಲೆ ದಾವೆ ಹೂಡಿದರು. 2005ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಕುಸ್ತಿಯ ಗುತ್ತಿಗೆದಾರನ ಕಥೆಯನ್ನು ಲೋಕಕ್ಕೆ ತೋರಿಸಿದ ವ್ಯಾಪಾರದಲ್ಲಿ ವೀರನನ್ನು ಹುಟ್ಟಿಸಿದವನೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು!

ಆದರೆ ಆ ಸಿನೇಮಾದಲ್ಲಿ ಒಂದು ನಿಮಿಷ ಸತ್ಯವಿದೆ. ನ್ಯೂಯಾರ್ಕಿನ ಸೇತುವೆಯ ಮೇಲೆ ವೀರ ಒಂದು ಕೈಯಲ್ಲಿ ಮಕ್ಕಳು ತುಂಬಿದ ತೊಟ್ಟಿಲನ್ನು ಹಿಡಿದು ಸೋಲುತ್ತಿರುವಾಗ, ದಾರಿಹೋಕರು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಖಳನ ಮೇಲೆ ಎಸೆಯುತ್ತಾರೆ. ನಮ್ಮಲ್ಲೊಬ್ಬನನ್ನು ಮುಟ್ಟಿದರೆ ಎಲ್ಲರನ್ನೂ ಮುಟ್ಟಿದಂತೆ ಎಂದು ಕೂಗುತ್ತಾರೆ. ಕೆಳಗೆ ದೋಣಿಯವರು ಬಂದು ನಿಂತು ಮಕ್ಕಳನ್ನು ಇಳಿಸಿಕೊಳ್ಳುತ್ತಾರೆ. 2001ರ ಸೆಪ್ಟೆಂಬರಿನ ದುರಂತದ ನಂತರ ಆ ಊರಿನವರಿಗೆ ಈ ಮಾತಿನ ಬೆಲೆ ಗೊತ್ತಿತ್ತು. ಅಂದರೆ ವೀರನನ್ನೂ ಕಾಪಾಡಿದವರು ಜನ! ಸಂಘವೆಂದರೆ ಇದಲ್ಲದೆ ಮತ್ತೇನು?

ಅಮೇರಿಕೆಯ ಚಿತ್ರೋದ್ಯಮದವರೇ ಇದನ್ನು ಮಾಡಿ ತೋರಿಸಿದರು. 2023ರಲ್ಲಿ ಅಲ್ಲಿನ ಕಥೆಗಾರರು 148 ದಿನ, ನಟರು 118 ದಿನ ಸಂಪು ಹೂಡಿ, ಕೂಲಿಯನ್ನೂ ಯಂತ್ರಬುದ್ಧಿಯ ವಿರುದ್ಧ ರಕ್ಷಣೆಯನ್ನೂ ಕರಾರಿನಲ್ಲಿ ಬರೆಸಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರ್ವೆಲ್ ಸ್ಟುಡಿಯೋದ ದೃಶ್ಯಚಮತ್ಕಾರದ ಕೆಲಸಗಾರರು ಒಮ್ಮತದಿಂದ ಸಂಘಕ್ಕೆ ಮತ ಹಾಕಿದರು. ಪರದೆಯ ಮೇಲೆ ವೀರರನ್ನು ಹಾರಿಸುವ ಕೈಗಳಿಗೂ ತಾವು ಒಂಟಿಯಾಗಿ ಹಾರಲಾರೆವೆಂಬುದು ತಿಳಿದಿದೆ.

ನಮ್ಮ ದೇಶದಲ್ಲಿ 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ, ಕಾಮಗಾರರನ್ನು ತೆಗೆಯಲು ಸರಕಾರದ ಮುಂಚಿತ ಅನುಮತಿ ಬೇಕೆಂಬ ಮಿತಿಯನ್ನು 100 ಆಳಿನಿಂದ 300 ಆಳಿಗೆ ಏರಿಸಿತು. ಬೆನ್ ಕಾಕಾನ ಅಡಿಗೆಮನೆ ನ್ಯೂಯಾರ್ಕಿನಲ್ಲಷ್ಟೇ ಇದೆಯೆಂದು ಯಾರೂ ತಿಳಿಯಬಾರದು.

ಅಂಗಿಯ ಮೇಲೆ ಜೇಡ ಹೊತ್ತ ತಮ್ಮಾ, ಸಿನೇಮಾ ನೋಡು, ಸಿಳ್ಳೆಯನ್ನೂ ಹಾಕು. ಅವನು ನಿನ್ನಂಥವನೇ ಹೌದು. ಅವನ ಕೂಲಿಯನ್ನೂ ನುಂಗಿದ್ದಾರೆ. ಆದರೆ ನಿನ್ನನ್ನು ಯಾವ ಜೇಡವೂ ಕಚ್ಚುವುದಿಲ್ಲ. ಆ 2900 ಡಾಲರು ಯಾರ ಕಿಸೆಯಲ್ಲಿ ಉಳಿಯಿತೆಂದು ನಿನ್ನ ಗೆಳೆಯರನ್ನು ಕೇಳು. ಅವರನ್ನೂ ಕರೆದುಕೊಂಡು ಬಾ. ಪಾಳಿ ಬಿಡುವ ಹೊತ್ತಿಗೆ ಪಾವತಿ ಪುಸ್ತಕ ಹಿಡಿದು ನಾವು ಅಲ್ಲಿಯೇ ನಿಂತಿರುತ್ತೇವೆ.